ಹೊಳೆಯುವ ಕಡಲು: ನೋಡಿದರೆ ಸಾಲದು, ಬರೆದಿಡಬೇಕು

ಚಳಿಗಾಲದ ತಿಂಗಳುಗಳಲ್ಲಿ ಒಮಾನ್‌ನ ರಾಜಧಾನಿ ಮಸ್ಕತ್ತಿನ ಸಮುದ್ರ ಕೆಲವೊಮ್ಮೆ ಹಗಲಿಗೊಂದು, ರಾತ್ರಿಗೊಂದು ಬಣ್ಣ ತಾಳುತ್ತದೆ. ಹಗಲಲ್ಲಿ ನೀರಿನ ಮೇಲೆ ದಟ್ಟ ಹಸಿರು ಪದರ. ಕತ್ತಲಾದ ಮೇಲೆ ಅದೇ ನೀರಿನಲ್ಲಿ ದೋಣಿ ಸರಿದರೆ, ಅಲೆ ಒಡೆದರೆ ನೀಲಿ ಬೆಳಕು. 2020ರ ನವೆಂಬರ್‌ನಲ್ಲಿ ನಮ್ಮ ಕರಾವಳಿಯ ಮಲ್ಪೆ, ಪಡುಕೆರೆಯ ಅಲೆಗಳೂ ಹೀಗೆಯೇ ಹೊಳೆದಿದ್ದವು. ಜನ ಓಡಿಬಂದರು, ವಿಡಿಯೊ ಮಾಡಿದರು, ಹಂಚಿಕೊಂಡರು. ಅಲ್ಲಿಗೆ ಕತೆ ಮುಗಿಯಿತು. ಹಾಗೆ ಮುಗಿಯಬಾರದಿತ್ತು.

ಏಕೆಂದು ತಿಳಿಯಲು ಮೊದಲು ಬೆಳಕು ಹುಟ್ಟುವ ಬಗೆಯನ್ನು ನೋಡಬೇಕು. ನಿತ್ಯ ಕಾಣುವ ಬೆಳಕಿನಲ್ಲಿ ಬಹುಪಾಲು ಎಲೆಕ್ಟ್ರಾನ್‌ಗಳ ಕೊಡುಗೆ. ಹೊರಗಿನಿಂದ ಶಕ್ತಿ ಸಿಕ್ಕಿದ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಏರುತ್ತದೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾರದೆ ಇಳಿಯುವಾಗ, ಹೆಚ್ಚುವರಿ ಶಕ್ತಿಯನ್ನು ಬೆಳಕಿನ ಕಣವಾಗಿ, ಅಂದರೆ ಫೋಟಾನ್ ಆಗಿ, ಬಿಟ್ಟುಕೊಡುತ್ತದೆ. ಇಳಿತ ಹೆಚ್ಚಿದಷ್ಟೂ ಬಣ್ಣ ಕೆಂಪಿನಿಂದ ನೀಲಿಯ ಕಡೆಗೆ ಸರಿಯುತ್ತದೆ. ಉಪ್ಪು ಹಾಕಿದ ಸಾರು ಉಕ್ಕಿ ಗ್ಯಾಸ್ ಒಲೆಗೆ ಬಿದ್ದಾಗ ನೀಲಿ ಜ್ವಾಲೆ ಹಳದಿಯಾಗುವುದು ಸೋಡಿಯಂ ಪರಮಾಣುವಿನ ಇಂಥದೇ ಇಳಿತದಿಂದ. ಹಳೆಯ ಬೀದಿದೀಪಗಳ ಹಳದಿಯೂ ಅದೇ. ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕದಲ್ಲಿ ಇಳಿತ ದೊಡ್ಡದು. ಅದರಿಂದ ನೀಲಿ ಎಲ್‌ಇಡಿ ಮಾಡಿ ತೋರಿಸಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು.

ಕಡಲಿನ ದೀಪಕ್ಕೆ ಕಾವೂ ಬೇಡ, ಕರೆಂಟೂ ಬೇಡ. ನಾಕ್ಟಿಲೂಕಾ ಸಿಂಟಿಲಾನ್ಸ್ ಎಂಬ ಏಕಕೋಶ ಜೀವಿ ದೊಡ್ಡದಾದರೆ ಒಂದೆರಡು ಮಿಲಿಮೀಟರ್. ನೀರು ಕದಡಿ ಅದರ ಪೊರೆ ಒತ್ತಿಹೋದರೆ ಕೋಶದೊಳಗಿನ ಪುಟ್ಟ ಚೀಲಗಳಲ್ಲಿ ಆಮ್ಲೀಯತೆ ಏರುತ್ತದೆ. ಆಗ ಲೂಸಿಫೆರೇಸ್ ಎಂಬ ಕಿಣ್ವ ಲೂಸಿಫೆರಿನ್ ಎಂಬ ವಸ್ತುವನ್ನು ಆಮ್ಲಜನಕದ ಜತೆ ಸೇರಿಸುತ್ತದೆ. ಆ ಕ್ರಿಯೆಯಲ್ಲಿ ಮೇಲೇರಿದ ಎಲೆಕ್ಟ್ರಾನ್ ಇಳಿದಾಗ ಸುಮಾರು 470 ನ್ಯಾನೊಮೀಟರ್‌ನ ನೀಲಿ ಬೆಳಕು, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು, ಮಿಂಚಿ ಆರುತ್ತದೆ.

ಹಾಗಾಗಿ ಬೆಳಕಿನ ರೀತಿ ನೋಡಿಯೇ ಅದರ ಒಡೆಯ ಯಾರೆಂದು ಊಹಿಸಬಹುದು. ಕದಡಿದಾಗ ಮಾತ್ರ ಮಿಂಚಿದರೆ ನಾಕ್ಟಿಲೂಕಾದಂಥ ಜೀವಿ. ಕದಡದೆಯೂ ಕಡಲು ಒಂದೇ ಸಮನೆ ಬೆಳಗುತ್ತಿದ್ದರೆ ಬ್ಯಾಕ್ಟೀರಿಯಾ. 1995ರ ಜನವರಿಯಲ್ಲಿ ಸೊಮಾಲಿಯಾದ ಆಚೆ ಸಾಗುತ್ತಿದ್ದ ಬ್ರಿಟನ್ನಿನ ‘ಲಿಮಾ’ ಹಡಗು ಇಂಥ ಹಾಲುಬಿಳುಪಿನ ಕಡಲನ್ನು ಹಾದು ಬಂತು. ಹಡಗಿನವರು ಅದನ್ನು ದಿನಚರಿ ಪುಸ್ತಕದಲ್ಲಿ ಬರೆದಿಟ್ಟರು. ಹತ್ತು ವರ್ಷಗಳ ಬಳಿಕ ಅಮೆರಿಕದ ಸ್ಟೀವನ್ ಮಿಲ್ಲರ್ ತಂಡ ಆ ದಿನಾಂಕ, ಆ ಜಾಗ ಹಿಡಿದು ಹಳೆಯ ಉಪಗ್ರಹ ಚಿತ್ರಗಳನ್ನು ಹುಡುಕಿದಾಗ ಸುಮಾರು 15,400 ಚದರ ಕಿಲೋಮೀಟರ್ ಹೊಳಪು ಸಿಕ್ಕಿತು. ಆ ಟಿಪ್ಪಣಿಯೇ ಇಲ್ಲದಿದ್ದರೆ ಯಾವ ರಾತ್ರಿಯ ಚಿತ್ರ ತೆರೆಯಬೇಕೆಂದು ಯಾರಿಗೆ ಗೊತ್ತಾಗುತ್ತಿತ್ತು?

ಅರಬ್ಬಿ ಸಮುದ್ರಕ್ಕೆ ಅಂಥ ಟಿಪ್ಪಣಿಗಳು ಈಗ ತುರ್ತಾಗಿ ಬೇಕು. ನಾಕ್ಟಿಲೂಕಾ ದಟ್ಟವಾಗಿ ಹಬ್ಬಿದಲ್ಲಿ ಮೀನಿನ ಆಹಾರ ಸರಪಳಿಗೆ ಮೊದಲ ತುತ್ತಾದ ಡಯಾಟಮ್‌ಗಳು ಹಿಂದೆ ಸರಿಯುತ್ತವೆ. ನಾಕ್ಟಿಲೂಕಾವನ್ನು ತಿನ್ನುವವು ಹೆಚ್ಚಾಗಿ ಸಾಲ್ಪ್ ಎಂಬ ಕಡಲಜೀವಿ ಮತ್ತು ಅಂಬಲಿ ಮೀನುಗಳು (ಜೆಲ್ಲಿಫಿಶ್). ಮಸ್ಕತ್ ಕುಡಿಯುವುದು ಬಹುಮಟ್ಟಿಗೆ ಉಪ್ಪು ತೆಗೆದ ಸಮುದ್ರದ ನೀರನ್ನೇ. ಉಪ್ಪು ತೆಗೆಯುವ ಸ್ಥಾವರಗಳ ಕೊಳವೆಗಳಿಗೂ ಇಂಥ ಹಬ್ಬುವಿಕೆ ತಲೆನೋವು. ಕೊಲಂಬಿಯಾ ವಿಶ್ವವಿದ್ಯಾಲಯದ ಜೋಕಿಂ ಗೋಯೆಸ್, ಹೆಲ್ಗಾ ಗೋಮ್ಸ್ ಮತ್ತವರ ಸಂಗಡಿಗರು 2014ರಲ್ಲಿ ಈ ಹಬ್ಬುವಿಕೆಗೆ ನೀರಿನಲ್ಲಿ ಆಮ್ಲಜನಕ ಕುಸಿದಿರುವುದು ಕಾರಣವೆಂದರು. ಹಿಮಾಲಯದ ಹಿಮ ಕರಗಿ ಚಳಿಗಾಲದ ಗಾಳಿಯ ಗುಣ ಬದಲಾದದ್ದೂ ಕಾರಣವೆಂದು 2020ರಲ್ಲಿ ಬರೆದರು. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನ ವಿಜ್ಞಾನಿಗಳು ಈಶಾನ್ಯ ಅರಬ್ಬಿ ಸಮುದ್ರದಲ್ಲಿ ಅಳತೆ ಮಾಡಿ, ಆಮ್ಲಜನಕದ ಕೊರತೆ ಇಲ್ಲದೆಡೆಯೂ ನಾಕ್ಟಿಲೂಕಾ ಹಬ್ಬುವುದೆಂದು ತೋರಿಸಿದ್ದಾರೆ. ವಾದ ಇನ್ನೂ ಇತ್ಯರ್ಥವಾಗಿಲ್ಲ. ಇತ್ಯರ್ಥವಾಗಲು ಇನ್ನಷ್ಟು ಕಡೆಯ, ಇನ್ನಷ್ಟು ವರ್ಷಗಳ ಮಾಹಿತಿ ಬೇಕು.

ನಾಕ್ಟಿಲೂಕಾದ ವಿಷಯದಲ್ಲಿ ಉಪಗ್ರಹಗಳು ಮುಖ್ಯವಾಗಿ ಕಾಣುವುದು ಹಗಲಿನ ಹಸಿರನ್ನು, ಅದೂ ಮೋಡವಿಲ್ಲದಾಗ. ರಾತ್ರಿಯ ಮಿಂಚನ್ನು ಹತ್ತಿರದಿಂದ ಕಾಣುವವರು ಬೋಟಿನವರು. ಮಲ್ಪೆ, ಮಂಗಳೂರು, ಗಂಗೊಳ್ಳಿಯಿಂದ ದಿನಗಟ್ಟಲೆ ಆಳಸಮುದ್ರದಲ್ಲಿರುವ ತಾಂಡೇಲರು (ಬೋಟಿನ ಮುಖ್ಯಸ್ಥರು) ಬಲೆ ಎಳೆಯುವಾಗ ಇದನ್ನು ನೋಡುತ್ತಾರೆ. ಆದರೆ ಅವರನ್ನು ಕೇಳುವವರಿಲ್ಲ.

ಮೀನು ಎಲ್ಲಿ ಸಿಗಬಹುದೆಂಬ ಸೂಚನೆಯನ್ನು ಇನ್‌ಕಾಯ್ಸ್ ಈಗಾಗಲೇ ಮೀನುಗಾರರಿಗೆ ತಲುಪಿಸುತ್ತಿದೆ. ಬೋಟಿನಿಂದ ಸುದ್ದಿ ಮರಳಿ ಬರುವುದಕ್ಕೂ ಅಷ್ಟೇ ಸಲೀಸಾದ ದಾರಿ ಬೇಕು. ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಯಾವ ದಿನ, ಜಿಪಿಎಸ್ ತೋರಿಸಿದ ಜಾಗ ಯಾವುದು, ಹೊಳಪು ಕದಡಿದಾಗಲೋ ಸುಮ್ಮನಿದ್ದಾಗಲೋ, ಮರುದಿನ ನೀರಿನ ಬಣ್ಣವೇನು. ಮೀನುಗಾರಿಕೆ ಇಲಾಖೆ ಕನ್ನಡ, ತುಳು, ಕೊಂಕಣಿಯಲ್ಲಿ ಧ್ವನಿ ಸಂದೇಶವನ್ನೂ ಪಡೆಯಲಿ. ಹಾಗೆ ಕೂಡಿಟ್ಟ ಟಿಪ್ಪಣಿಗಳನ್ನು ಒಮಾನ್ ಕಡೆಯ ದಾಖಲೆಗಳ ಪಕ್ಕದಲ್ಲಿಟ್ಟರೆ, ಒಂದೇ ಕಡಲಿನ ಎರಡು ದಡಗಳಲ್ಲಿ ಹೊಳಪು ಯಾವಾಗ ಶುರುವಾಗುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂದು ಹೋಲಿಸಿ ನೋಡಲು ಸಾಧ್ಯವಾದೀತು.