ಹಳೇ ಕಾರಿಗೆ ನೂರು ಆಂಪಿಯರ್ ಯಾಕೆ?

ಅಂಬಾಸಿಡರ್, ಪದ್ಮಿನಿಗಳನ್ನು ಅಕ್ಕರೆಯಿಂದ ಸಾಕಿಕೊಂಡವರಿಗೆ ಸಿಗುವ ಪುಕ್ಕಟೆ ಸಲಹೆಗಳಲ್ಲಿ ಒಂದು ಹೀಗಿದೆ: ಡೈನಮೊ ಬಿಚ್ಚಿಸಿ, ಸಿಕ್ಕಷ್ಟು ದೊಡ್ಡ ಆಲ್ಟರ್ನೇಟರ್ ಕೂರಿಸಿ, ಆಮೇಲೆ ಲೈಟು ಮಂಕು, ಬ್ಯಾಟರಿ ಡೌನ್ ಎನ್ನುವ ರಗಳೆಯೇ ಇರದು. ಇದರಲ್ಲಿ ಮೊದಲರ್ಧವನ್ನು ಒಪ್ಪಬಹುದು. ‘ಸಿಕ್ಕಷ್ಟು ದೊಡ್ಡದು’ ಎನ್ನುವ ಕಡೆ ಮಾತ್ರ ತಕರಾರು ಎತ್ತಲೇಬೇಕು. ಕಾರಿಗೆ ಎಷ್ಟು ಕರೆಂಟು ಬೇಕೆಂದು ಲೆಕ್ಕ ಹಾಕದೆ, ಇರುವ ವೈರು ಎಷ್ಟನ್ನು ತಾಳೀತೆಂದು ನೋಡದೆ ಆಂಪಿಯರ್ ಏರಿಸುತ್ತಾ ಹೋದರೆ ದುಡ್ಡು ದಂಡ, ಅದರ ಜೊತೆಗೆ ಬೆಂಕಿಯ ಭಯ.

ಡೈನಮೊದ ಮೇಲಿನ ದೂರು ಸುಳ್ಳಲ್ಲ. 1950–60ರ ದಶಕದ ಬ್ರಿಟಿಷ್ ಕಾರುಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಲ್ಯೂಕಾಸ್ ಸಿ40 ಡೈನಮೊ ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತಿತ್ತು. ಮಳೆಯ ರಾತ್ರಿಯಲ್ಲಿ ಕಾರು ಕೇಳುವುದೆಷ್ಟು? 55 ವ್ಯಾಟಿನ ಎರಡು ಹೆಡ್‌ಲೈಟ್‌ಗಳಿಗೆ 9 ಆಂಪಿಯರ್, ಇಗ್ನಿಷನ್ ಕಾಯಿಲ್‌ಗೆ ಮೂರೋ ನಾಲ್ಕೋ, ವೈಪರ್‌ಗೆ ಮೂರು, ಹಿಂದಿನ ದೀಪ, ನಂಬರ್ ಪ್ಲೇಟ್ ದೀಪ, ಮೀಟರ್ ದೀಪಗಳಿಗೆ ಎರಡೋ ಮೂರೋ. ಬ್ರೇಕ್ ಒತ್ತಿದರೆ ಮೂರೂವರೆ. ಹೆಚ್ಚುಕಡಿಮೆ 20–22ಕ್ಕೆ ಬಂದು ನಿಂತಿತು. ಲೆಕ್ಕದಲ್ಲಿ ಸರಿಹೋಗುವಂತೆ ಕಂಡರೂ ಡೈನಮೊ ಆ 22 ಆಂಪಿಯರ್ ಕೊಡುವುದು ಗಾಡಿ ಓಡುವಾಗ. ಸಿಗ್ನಲ್‌ನಲ್ಲಿ ನಿಂತು ಎಂಜಿನ್ ಐಡಲಿಂಗ್‌ಗೆ ಇಳಿದರೆ ಅದರಿಂದ ಸಿಗುವುದು ಸೊನ್ನೆಯ ಆಸುಪಾಸು. ಮೀಟರ್ ಹಲಗೆಯಲ್ಲಿ ಕೆಂಪು ದೀಪ ಮಿಣಮಿಣ ಅನ್ನುವುದು ಅದಕ್ಕೇ. ಹೆಬ್ಬಾಳದ ಜಾಮ್‌ನಲ್ಲಿ ಅರ್ಧ ಗಂಟೆ ನಿಂತರೆ ಬ್ಯಾಟರಿಯಿಂದ ಹತ್ತು ಆಂಪಿಯರ್-ಅವರ್ ಖರ್ಚಾಯಿತು, ಅಂದರೆ 40ರ ಬ್ಯಾಟರಿಯಲ್ಲಿ ಕಾಲುಭಾಗ. ಇದು ಡೈನಮೊದ ಹುಟ್ಟುಗುಣ. ಅದರಲ್ಲಿ ಕರೆಂಟು ಹುಟ್ಟುವುದು ತಿರುಗುವ ಆರ್ಮೇಚರ್‌ನಲ್ಲಿ. ಅಷ್ಟೂ ಕರೆಂಟು ಕಾಮ್ಯುಟೇಟರ್, ಕಾರ್ಬನ್ ಬ್ರಷ್ ದಾಟಿ ಹೊರಬರಬೇಕು. ಅತಿ ವೇಗದಲ್ಲಿ ತಿರುಗಿಸಿದರೆ ಸುತ್ತಿದ ತಂತಿ ಕಿತ್ತು ಬರುತ್ತದೆಂದು ದೊಡ್ಡ ಪುಲ್ಲಿ ಹಾಕಿ ನಿಧಾನಕ್ಕೆ ಓಡಿಸುತ್ತಾರೆ. ಆಲ್ಟರ್ನೇಟರ್‌ನಲ್ಲಿ ಕರೆಂಟು ಹುಟ್ಟುವುದು ಅಲುಗಾಡದ ಸ್ಟೇಟರ್‌ನಲ್ಲಿ, ಬ್ರಷ್ ಮೂಲಕ ಹೋಗುವುದು ಎರಡೋ ಮೂರೋ ಆಂಪಿಯರ್ ಮಾತ್ರ. ಹಾಗಾಗಿ ಸಣ್ಣ ಪುಲ್ಲಿ ಹಾಕಿ ಜೋರಾಗಿ ತಿರುಗಿಸಬಹುದು, ಗಾಡಿ ನಿಂತಿದ್ದಾಗಲೂ ಚಾರ್ಜ್ ಸಿಗುತ್ತದೆ. ಸಿಲಿಕಾನ್ ಡಯೋಡ್ ಕೈಗೆಟುಕುವ ಬೆಲೆಗೆ ಬಂದ ಮೇಲೆ, 1960ರ ಹೊತ್ತಿಗೆ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಇದನ್ನು ಕೂರಿಸಿತು. ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ನಿತ್ಯ ಅಲ್ಲದಿದ್ದರೂ ಆಗಾಗ ರಸ್ತೆಗಿಳಿಯುವ ಹಳೇ ಕಾರಿಗೆ 35–45 ಆಂಪಿಯರ್‌ನ ಸಣ್ಣ ಆಲ್ಟರ್ನೇಟರ್ ಹಾಕಿಸುವುದು ಈ ಕಾರಣಕ್ಕೆ ಬುದ್ಧಿವಂತಿಕೆಯೇ.

ತಕರಾರು ಇರುವುದು 90, 100 ಎಂಬ ಅಂಕಿಗಳ ಬಗ್ಗೆ. ಮೊದಲನೆಯದಾಗಿ, ಆಲ್ಟರ್ನೇಟರ್‌ನ ಮೈಮೇಲೆ ಬರೆದ ಅಂಕಿ ಅದು ನಿಮಿಷಕ್ಕೆ 6000 ಸುತ್ತು ತಿರುಗುವಾಗಿನದು. ಐಡಲಿಂಗ್‌ನಲ್ಲಿ ಎಷ್ಟು ಕೊಡುತ್ತದೆ ಎನ್ನುವುದು ಬೇರೆಯೇ ಸಂಗತಿ; ಹೆಚ್ಚಿನ ಅಂಕಿಗೆಂದು ಸುತ್ತಿದ ಕೆಲವು ಆಲ್ಟರ್ನೇಟರ್‌ಗಳು ಕಡಿಮೆ ವೇಗದಲ್ಲಿ ಸಣ್ಣದಕ್ಕಿಂತ ಕಮ್ಮಿ ಕೊಡುವುದೂ ಉಂಟು. ನಮ್ಮ ಊರುಗಳ ಟ್ರಾಫಿಕ್‌ಗೆ ಬೇಕಾದದ್ದು ಐಡಲಿಂಗ್‌ನ ಅಂಕಿ, ಅಂಗಡಿಯವರು ಹೇಳುವುದು ಹೆದ್ದಾರಿಯ ಅಂಕಿ. ಎರಡನೆಯದು ಬೆಲ್ಟು. ನೂರು ಆಂಪಿಯರ್ ಅಂದರೆ ಹದಿನಾಲ್ಕು ವೋಲ್ಟಿಗೆ 1400 ವ್ಯಾಟ್. ಆಗುವ ನಷ್ಟವನ್ನೂ ಸೇರಿಸಿದರೆ ಎಂಜಿನ್ನಿನಿಂದ ಮೂರು ಅಶ್ವಶಕ್ತಿಗೂ ಮಿಕ್ಕಿ ಹೋಗುತ್ತದೆ. ಫ್ಯಾನು, ವಾಟರ್ ಪಂಪುಗಳನ್ನೂ ತಿರುಗಿಸುವ ಆ ಒಂದೇ ಕಿರಿದಾದ ಬೆಲ್ಟು ಇಷ್ಟು ಹೊರೆಗೆ ಜಾರಿ ಕಿರುಚುತ್ತದೆ. ಜಾರದಂತೆ ಬಿಗಿದರೆ ವಾಟರ್ ಪಂಪಿನ ಬೇರಿಂಗ್ ಸವೆಯುತ್ತದೆ.

‘ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ, ದೊಡ್ಡದಿದ್ದರೆ ನಷ್ಟವೇನು?’ ಎಂದು ತಿಳಿದವರೇ ಕೇಳುತ್ತಾರೆ. ವಾದ ಅರ್ಧ ನಿಜ. ಬಲ್ಬು ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಆದರೆ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತು ಸೊರಗಿದ ಬ್ಯಾಟರಿಯೂ ಹಾಗೇ ಎಳೆಯುತ್ತದೆ, ಮತ್ತು ಕೊಡುವವನ ಕೈ ದೊಡ್ಡದಿದ್ದಷ್ಟೂ ಜಾಸ್ತಿ ಎಳೆಯುತ್ತದೆ. ಆ ಕರೆಂಟು ಹಾದುಹೋಗುವುದು 22 ಆಂಪಿಯರ್ ಡೈನಮೊಗೆಂದು ಎಳೆದ ಹಳೇ ವೈರಿನಲ್ಲಿ. ನಾಲ್ಕು ಚದರ ಮಿಲಿಮೀಟರಿನ ಮೂರು ಮೀಟರ್ ತಾಮ್ರದ ವೈರನ್ನೇ ತೆಗೆದುಕೊಳ್ಳಿ. 20 ಆಂಪಿಯರ್ ಹರಿದರೆ ಐದು ವ್ಯಾಟ್ ಶಾಖ, 60 ಹರಿದರೆ ನಲವತ್ತಾರು. ಕರೆಂಟು ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು. ಐವತ್ತು ವರ್ಷದ ಬಿರುಕುಬಿಟ್ಟ ಹೊದಿಕೆ, ಕಿಲುಬು ಹಿಡಿದ ಕನೆಕ್ಟರು, ಕೆಲವು ಗಾಡಿಗಳಲ್ಲಿ ಅಷ್ಟೂ ಕರೆಂಟನ್ನು ತನ್ನೊಳಗಿಂದಲೇ ಹಾಯಿಸುವ 30ರ ಆಮೀಟರು: ಹೊಗೆ ಬರುವುದು ಇಲ್ಲಿಂದ. ಫ್ಯೂಸ್ ಕಾಪಾಡುತ್ತದೆ ಎನ್ನುವ ಹಾಗೂ ಇಲ್ಲ; ಆ ಕಾಲದ ಬಹುಪಾಲು ಕಾರುಗಳಲ್ಲಿ ಚಾರ್ಜಿಂಗ್ ವೈರಿಗೆ ಫ್ಯೂಸೇ ಇರಲಿಲ್ಲ.

ಇನ್ನೂ ಮುಖ್ಯವಾದದ್ದು, ಲೈಟು ಮಂಕಾಗಿರುವುದಕ್ಕೆ ಚಾರ್ಜ್ ಸಾಲದ್ದೇ ಕಾರಣ ಎನ್ನುವ ನಂಬಿಕೆ. ಎಷ್ಟೋ ಗಾಡಿಗಳಲ್ಲಿ ಬ್ಯಾಟರಿಯ ಹತ್ತಿರ ಹದಿಮೂರೂವರೆ ವೋಲ್ಟು ಚೆನ್ನಾಗಿಯೇ ಇರುತ್ತದೆ. ಹೆಡ್‌ಲೈಟ್ ಸ್ವಿಚ್ಚು, ಡಿಪ್ಪರ್ ಸ್ವಿಚ್ಚು, ತುಕ್ಕು ಹಿಡಿದ ಅರ್ತ್ ದಾಟಿ ಬಲ್ಬು ತಲುಪುವ ಹೊತ್ತಿಗೆ ಹನ್ನೆರಡು ಆಗಿರುತ್ತದೆ. ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬಲ್ಬಿನ ಬೆಳಕು ನೂರಕ್ಕೆ ಮೂವತ್ತು ಇಳಿಯುತ್ತದೆ. ಇಂಥ ಕಡೆ ನೂರಲ್ಲ, ಇನ್ನೂರು ಆಂಪಿಯರ್ ಹಾಕಿದರೂ ರಸ್ತೆ ಕಾಣದು. ಎರಡು ರಿಲೇ, ದಪ್ಪ ವೈರು, ಉಪ್ಪುಕಾಗದದಲ್ಲಿ ಉಜ್ಜಿದ ಅರ್ತ್ ಸಾಕು. ಜೆ.ಸಿ. ರಸ್ತೆಯಲ್ಲಿ ಇಷ್ಟಕ್ಕಾಗುವ ಖರ್ಚು ಆಲ್ಟರ್ನೇಟರ್‌ನ ಬೆಲೆಯ ಒಂದು ತುಣುಕು. ಆದರೆ ಹೊಳೆಯುವ ಹೊಸ ಭಾಗವನ್ನು ಬಾನೆಟ್ ಎತ್ತಿ ತೋರಿಸಬಹುದು, ಉಜ್ಜಿದ ಅರ್ತನ್ನು ಯಾರಿಗೆ ತೋರಿಸುವುದು!

ಕಾರಿಗೆ ಏಸಿ ಹಾಕಿಸಿದವರ ಮಾತು ಬೇರೆ. ಕಂಪ್ರೆಸರ್ ಕ್ಲಚ್, ಬ್ಲೋವರ್, ಕಂಡೆನ್ಸರ್ ಫ್ಯಾನ್ ಸೇರಿ ಇನ್ನೊಂದು 20 ಆಂಪಿಯರ್ ಕೇಳುತ್ತವೆ. ಅವರಿಗೆ 60–65 ನ್ಯಾಯವಾದದ್ದೇ, ಚಾರ್ಜಿಂಗ್ ವೈರನ್ನು ಹದಿನಾರು ಚದರ ಮಿಲಿಮೀಟರಿಗೆ ಏರಿಸಿ, ಫ್ಯೂಸ್ ಕೂರಿಸಿಕೊಂಡರೆ. ಪಾಸಿಟಿವ್ ಅರ್ತ್ ಇರುವ ಹಳೇ ಬ್ರಿಟಿಷ್ ಗಾಡಿಯಾದರೆ ಮೊದಲು ಅದನ್ನು ನೆಗೆಟಿವ್‌ಗೆ ತಿರುಗಿಸಬೇಕು. ಮರೆತರೆ ಡಯೋಡುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಕೊನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ: ಮೂಲ ಸ್ವರೂಪವೇ ಹಳೇ ಕಾರಿನ ಜೀವ, ಡೈನಮೊ ಮುಟ್ಟಲೇಬಾರದು. ಪ್ರದರ್ಶನಕ್ಕಷ್ಟೇ ಹೊರಬರುವ ಕಾರಿನ ಮಟ್ಟಿಗೆ ಒಪ್ಪಿಕೊಳ್ಳೋಣ. ಆದರೆ ಐವತ್ತು ವರ್ಷ ದಾಟಿದ ವಾಹನಗಳಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ನೋಂದಣಿ ನಿಯಮವೂ ಮೂಲ ರೂಪ ಉಳಿದಿರಬೇಕು ಎನ್ನುವಾಗ ಹೆಸರಿಸುವುದು ಚಾಸಿ, ಬಾಡಿ, ಎಂಜಿನ್ನುಗಳ ಮಾರ್ಪಾಟನ್ನು. ಬೋಲ್ಟು ಬಿಚ್ಚಿ ಅರ್ಧ ದಿನದಲ್ಲಿ ಹಿಂದಿನಂತೆ ಮಾಡಬಹುದಾದ ಬದಲಾವಣೆ ಅಷ್ಟು ದೊಡ್ಡ ಅಪಚಾರವಲ್ಲ. ಹೊಸ ಬ್ರಾಕೆಟ್‌ಗಾಗಿ ಎಂಜಿನ್ ಬ್ಲಾಕಿಗೆ ತೂತು ಕೊರೆಯದೆ, ಬಿಚ್ಚಿದ ಡೈನಮೊ, ಕಟೌಟ್, ಪುಲ್ಲಿಗಳನ್ನು ಗುಜರಿಗೆ ಹಾಕದೆ ಎತ್ತಿಟ್ಟರೆ ಸಾಕು. ಈ ಕೆಲಸ ಮಾಡುವ ಗ್ಯಾರೇಜುಗಳಿಂದ ಗಿರಾಕಿ ಕೇಳಬೇಕಾದದ್ದೂ ಸಣ್ಣದು. ಆಲ್ಟರ್ನೇಟರ್ ಎಷ್ಟು ಆಂಪಿಯರಿನದು ಎಂಬುದರ ಜೊತೆಗೆ, ಎಲ್ಲ ದೀಪ ಹಚ್ಚಿ ಎಂಜಿನ್ ಐಡಲಿಂಗ್‌ನಲ್ಲಿದ್ದಾಗ ಹೆಡ್‌ಲೈಟ್ ಬಲ್ಬಿನ ಬುಡದಲ್ಲಿ ಎಷ್ಟು ವೋಲ್ಟ್ ಇತ್ತು, ಕೆಲಸಕ್ಕೆ ಮುಂಚೆ ಎಷ್ಟು, ಆದಮೇಲೆ ಎಷ್ಟು ಎಂದು ಬಿಲ್ಲಿನ ಮೇಲೆ ಬರೆದುಕೊಡಲಿ.