ಒಂದೇ ಪಾತ್ರೆಯ ನೆತ್ತರು

ಬಳಗದ ಓದುಕೂಟದಲ್ಲಿ ಪಂಪನ ಭಾರತ ನಡೆಯುತ್ತಿದ್ದ ದಿನಗಳವು. ಭೀಮನು ದುಶ್ಶಾಸನನ ನೆತ್ತರು ಕುಡಿದು ದ್ರೌಪದಿಯ ಮುಡಿ ಕಟ್ಟಿದ ಸಂದರ್ಭ ಮುಗಿದು ಚಹಾ ಬಂದಾಗ, ಹಿರಿಯರೊಬ್ಬರು ನಮ್ಮತ್ತ ತಿರುಗಿ, "ನಿಮ್ಮ ಚರ್ಚಿನಲ್ಲೂ ರಕ್ತ ಕುಡಿಯುವುದುಂಟಂತಲ್ಲ, ಅದು ಹೇಗೆ?" ಎಂದು ಕೇಳಿದರು. ಕೇಳಿದ್ದರಲ್ಲಿ ಕುಚೋದ್ಯವಿರಲಿಲ್ಲ. ನಾವು, ಎಂದರೆ ಬಳಗದಲ್ಲಿರುವ ಕೆಲವು ಕಥೋಲಿಕ ಕುಟುಂಬದವರು, ಮನೆಯಲ್ಲಿ ಕೊಂಕಣಿಯಾಡಿ ಕನ್ನಡ ಲಿಪಿಯಲ್ಲಿ ಬರೆಯುತ್ತ ಮುಂಬಯಿಯಲ್ಲಿ ಎರಡು ತಲೆಮಾರು ಕಳೆದವರು, ಅಂದು ಏನೋ ಹೇಳಿ ನುಣುಚಿಕೊಂಡೆವು. ಉತ್ತರ ತಡವಾಯಿತು, ಬರೆಯಹೊರಟಾಗ ಅದು ಅವರಿಗಿಂತ ಹೆಚ್ಚಾಗಿ ನಮಗೇ ಬೇಕಾಗಿದ್ದ ಉತ್ತರವೆಂದು ತಿಳಿಯಿತು.

ಆ ಪ್ರಶ್ನೆಗೆ ಮೊದಲು ಬೆಚ್ಚಿದವರು ನಮ್ಮ ಹಿರಿಯ ಮಿತ್ರರಲ್ಲ. ಯೇಸುವಿನ ಮಾತನ್ನು ಕಿವಿಯಾರೆ ಕೇಳಿದ ಯೆಹೂದ್ಯರೇ ಬೆಚ್ಚಿದ್ದರು. ಪ್ರಾಣವಿರುವುದು ರಕ್ತದಲ್ಲಿ, ಪ್ರಾಣ ದೇವರದು, ಆದುದರಿಂದ ಯಾವ ಪ್ರಾಣಿಯ ರಕ್ತವನ್ನೂ ಬಾಯಿಗಿಡಕೂಡದು ಎಂಬುದು ಮೋಶೆಯ ಧರ್ಮಶಾಸ್ತ್ರದ ಕಟ್ಟಾಜ್ಞೆ. ಮಾಂಸಕ್ಕೆ ಉಪ್ಪು ಹಚ್ಚಿ ನೆತ್ತರಿನ ಅಂಶವನ್ನು ತೆಗೆದು ಅಡುಗೆ ಮಾಡುವ ಪದ್ಧತಿ ನಿಷ್ಠಾವಂತ ಯೆಹೂದ್ಯರ ಮನೆಗಳಲ್ಲಿ ಇಂದಿಗೂ ಇದೆ. ಅಂಥವರ ನಡುವೆ ನಿಂತು, ತನ್ನ ರಕ್ತವನ್ನು ಕುಡಿಯದವರಲ್ಲಿ ಜೀವವಿಲ್ಲವೆಂದು ಒಬ್ಬನು ಹೇಳಿದರೆ ಏನಾದೀತು? ಶಿಷ್ಯರಲ್ಲಿ ಅನೇಕರು ಆತನನ್ನು ಅಂದೇ ಬಿಟ್ಟುಹೋದರೆಂದು ಯೊವಾನ್ನನ ಶುಭಸಂದೇಶವು ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಆದರೆ ಆ ಮಾತಿನ ಅರ್ಥ ತೆರೆದುಕೊಳ್ಳುವುದೂ ಆ ನಿಷೇಧದಿಂದಲೇ. ರಕ್ತವೆಂದರೆ ಸಾವಲ್ಲ, ಪ್ರಾಣ. ಮುಟ್ಟಬಾರದೆಂದು ದೇವರು ತನಗಾಗಿ ಕಾದಿರಿಸಿಕೊಂಡದ್ದನ್ನು ದೇವರೇ ಬಟ್ಟಲಲ್ಲಿ ಹಿಡಿದು ಮನುಷ್ಯರ ಕೈಗೆ ಕೊಡುತ್ತಾನೆ. ಭೀಮನು ಕುಡಿದದ್ದು ಹಗೆಯ ನೆತ್ತರು, ಕಿತ್ತುಕೊಂಡದ್ದು. ಇಲ್ಲಿರುವುದು ಕೊಟ್ಟದ್ದು. ಎರಡಕ್ಕೂ ಕನ್ನಡದಲ್ಲಿ ಒಂದೇ ಶಬ್ದವಿದೆ. ಅದಕ್ಕೆ ಭಾಷೆಯನ್ನು ದೂರಿ ಫಲವಿಲ್ಲ.

ತುಳುನಾಡಿನವರಿಗೆ ಇನ್ನೊಂದು ಹೋಲಿಕೆ ಹೊಳೆಯಬಹುದು. ಬಲಿಯ ನೆತ್ತರಿಗೆ ಬದಲಾಗಿ ಅರಿಸಿನ ಸುಣ್ಣ ಬೆರೆಸಿದ ಕೆಂಪು ನೀರನ್ನು ಬಳಸುವುದನ್ನು ನಾವೆಲ್ಲ ಊರಲ್ಲಿ ಕಂಡವರೇ. ಬಲಿಪೂಜೆಯ ದ್ರಾಕ್ಷಾರಸವೂ ಅಂಥದೇ ಬದಲಿಯೆ? ಕಥೋಲಿಕ ಬೋಧನೆ ಹಾಗೆನ್ನುವುದಿಲ್ಲ. ರುಚಿ, ಬಣ್ಣ, ವಾಸನೆ ದ್ರಾಕ್ಷಿಯದಾಗಿಯೇ ಉಳಿದು, ಒಳಗಿನ ಸತ್ತ್ವವು ಕ್ರಿಸ್ತನ ರಕ್ತವೇ ಆಗುತ್ತದೆಂಬುದು ಅದರ ನಂಬಿಕೆ. ಇದನ್ನು ವಾದದಿಂದ ಯಾರಿಗೂ ಒಪ್ಪಿಸಲಾಗದು; ಒಪ್ಪಿಸುವುದು ನಮ್ಮ ಉದ್ದೇಶವೂ ಅಲ್ಲ. ನಂಬುವವರು ಅದರಿಂದ ಏನು ಮಾಡಿದರು, ಏನು ಮಾಡಲಿಲ್ಲ ಎಂಬುದು ನಮ್ಮ ಕಾಳಜಿ.

ಮಾಡಿದವರಲ್ಲಿ ನಮಗೆ ಪ್ರಿಯರಾದವರು ರೋಮಿನ ಸಂತ ಗಾಸ್ಪರ್ ದೆಲ್ ಬುಫಾಲೊ. ನೆಪೋಲಿಯನ್‌ಗೆ ನಿಷ್ಠೆಯ ಪ್ರಮಾಣ ಮಾಡಲೊಲ್ಲದೆ ಗಡೀಪಾರು, ಸೆರೆವಾಸಗಳನ್ನು ಕಂಡು ಮರಳಿದ ಈ ಯಾಜಕರು 1815ರಲ್ಲಿ ಅಮೂಲ್ಯ ರಕ್ತದ ಹೆಸರಿನಲ್ಲಿ ಒಂದು ಧರ್ಮಪ್ರಚಾರಕ ಸಂಘವನ್ನು ಕಟ್ಟಿದರು. ರೋಮಿನ ದಕ್ಷಿಣದ ಬೆಟ್ಟಗಳಲ್ಲಿ ಆಗ ದರೋಡೆಕೋರರ ಹಾವಳಿ. ಅವರ ತವರೆನಿಸಿದ ಸೊನ್ನೀನೊ ಎಂಬ ಊರನ್ನೇ ಕೆಡವಿಹಾಕಬೇಕೆಂದು ಪೋಪರ ಸರಕಾರ 1819ರಲ್ಲಿ ಆಜ್ಞೆ ಹೊರಡಿಸಿತು. ಗಾಸ್ಪರರು ಆ ಊರಿನ ಪರವಾಗಿ ಪೋಪರಿಗೇ ಮೊರೆಯಿಟ್ಟರು. ಊರನ್ನು ಒಡೆಯುವ ಬದಲು ಅಲ್ಲಿಗೆ ಬೋಧಕರನ್ನು ಕಳುಹಿಸಬೇಕೆಂಬುದು ಅವರ ವಾದ. ಕೊಲೆಗೆ ಕೊಲೆ, ನೆತ್ತರಿಗೆ ನೆತ್ತರು ಎಂಬ ಲೆಕ್ಕವಿದ್ದ ಕಡೆಯಲ್ಲಿ ಅವರು ಕ್ರಿಸ್ತನ ರಕ್ತವನ್ನು ಸಾರಿದರೆಂಬುದನ್ನು ಮರೆತರೆ ಈ ಭಕ್ತಿಯು ಬರಿಯ ಕರುಣಾಜನಕ ಚಿತ್ರಪಟವಾಗಿ ಉಳಿಯುತ್ತದೆ. ಆಬೇಲನ ರಕ್ತವು ನೆಲದಿಂದ ಕೂಗಿದ್ದು ನ್ಯಾಯಕ್ಕಾಗಿ. ಕ್ರಿಸ್ತನ ರಕ್ತ ಅದಕ್ಕಿಂತ ಮೇಲಾದುದನ್ನು ನುಡಿಯುತ್ತದೆಂದು ಹಿಬ್ರಿಯರಿಗೆ ಬರೆದ ಪತ್ರ ಹೇಳುವುದು ಇದನ್ನೇ.

ಆಮೇಲಿನ ಇತಿಹಾಸವನ್ನು ಚುಟುಕಾಗಿ ಹೇಳಬಹುದು. ಒಂಬತ್ತನೆಯ ಪಿಯುಸ್ 1849ರಲ್ಲಿ, ರೋಮಿನಿಂದ ದೂರ ಗಾಯೇಟದಲ್ಲಿ ಆಶ್ರಯ ಪಡೆದಿದ್ದಾಗ, ಅಮೂಲ್ಯ ರಕ್ತದ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಮುಂದೆ ಅದು ಜುಲೈ 1ಕ್ಕೆ ನಿಂತಿತು. ಇಪ್ಪತ್ತಮೂರನೆಯ ಯೊವಾನ್ನರು 1960ರಲ್ಲಿ ಅದರ ಪ್ರಾರ್ಥನಾಮಾಲೆಗೆ ಒಪ್ಪಿಗೆಯಿತ್ತರು. 1969ರ ಪಂಚಾಂಗ ಪರಿಷ್ಕರಣೆಯಲ್ಲಿ ಆ ಪ್ರತ್ಯೇಕ ಹಬ್ಬವನ್ನು ಕೈಬಿಟ್ಟು, ಕ್ರಿಸ್ತನ ಶರೀರ ಮತ್ತು ರಕ್ತ ಎರಡನ್ನೂ ಒಂದೇ ಮಹೋತ್ಸವದಲ್ಲಿ ನೆನೆಯುವಂತಾಯಿತು. ಜುಲೈ ತಿಂಗಳು ಅಮೂಲ್ಯ ರಕ್ತದ್ದೆಂಬ ರೂಢಿ ಮಾತ್ರ ಭಕ್ತರಲ್ಲಿ ಉಳಿದಿದೆ.

ರಕ್ತವನ್ನು ಇಷ್ಟೊಂದು ನೆನೆದ ಧರ್ಮಸಭೆಯು ಅದರ ಪಾತ್ರೆಯನ್ನು ಶತಮಾನಗಳ ಕಾಲ ಶ್ರೀಸಾಮಾನ್ಯರ ತುಟಿಗೆ ತಾಗಗೊಡಲಿಲ್ಲ ಎಂಬುದೇ ಇಲ್ಲಿನ ವೈಚಿತ್ರ್ಯ. ಮೊದಲ ಸಾವಿರ ವರ್ಷ ರೊಟ್ಟಿ, ಬಟ್ಟಲು ಎರಡೂ ಜನರಿಗೆ ಸಲ್ಲುತ್ತಿದ್ದವು. ಚೆಲ್ಲೀತೆಂಬ ಭಯ, ಅತಿಯಾದ ಪೂಜ್ಯಭಾವಗಳಿಂದ ಪಶ್ಚಿಮದಲ್ಲಿ ಬಟ್ಟಲು ಮೆಲ್ಲಮೆಲ್ಲನೆ ಯಾಜಕರ ಕೈಯಲ್ಲೇ ಉಳಿಯಿತು. ರೊಟ್ಟಿಯ ರೂಪದಲ್ಲೇ ಇಡೀ ಕ್ರಿಸ್ತನಿದ್ದಾನೆ, ರಕ್ತ ಬೇರೆಯಾಗಿ ಬೇಕಿಲ್ಲ ಎಂದು ಸಂತ ತೋಮಾಸ್ ಅಕ್ವಿನಾಸರು ತರ್ಕವನ್ನು ಒದಗಿಸಿದರು. ತರ್ಕ ಸರಿಯಾದುದೇ, ನಾವು ಅದನ್ನು ನಂಬುತ್ತೇವೆ. ಆದರೆ ಪ್ರಾಗ್ ನಗರದಲ್ಲಿ 1414ರಲ್ಲಿ ಕೆಲವು ಯಾಜಕರು ಬಟ್ಟಲನ್ನು ಮತ್ತೆ ಜನರಿಗೆ ಕೊಡತೊಡಗಿದಾಗ, ಮರುವರ್ಷ ಜೂನ್‌ನಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ಅದನ್ನು ನಿಷೇಧಿಸಿತು. ಮೂರು ವಾರಗಳೊಳಗೆ, ಜುಲೈ 6ರಂದು, ಅದೇ ಸಭೆಯು ಪಾಷಂಡಿಯೆಂದು ತೀರ್ಮಾನಿಸಿದ ಯಾನ್ ಹುಸ್‌ರನ್ನು ಸುಡಲಾಯಿತು. ಬೊಹೀಮಿಯದವರು ಬಟ್ಟಲಿನ ಚಿತ್ರವನ್ನೇ ಬಾವುಟಕ್ಕೇರಿಸಿ ದಂಡೆತ್ತಿದರು. ಎಲ್ಲರಿಗಾಗಿ ಹರಿದ ರಕ್ತದ ಹೆಸರಿನಲ್ಲಿ ಎರಡೂ ಕಡೆಯವರ ನೆತ್ತರು ಕೋಡಿಯಾಗಿ ಹರಿಯಿತು. 1620ರ ಸೋಲಿನ ನಂತರ ಪ್ರಾಗ್‌ನ ತೀನ್ ಚರ್ಚಿನ ಮುಂಭಾಗದಲ್ಲಿದ್ದ ಹೊನ್ನಿನ ಪಾತ್ರೆಯನ್ನೂ ಕೆಳಗಿಳಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಬಾಗಿಲು ತೆರೆಯುವವರೆಗೆ ಲ್ಯಾಟಿನ್ ವಿಧಿಯ ಜನಸಾಮಾನ್ಯರಿಗೆ ಅದು ಬಹುತೇಕ ಮುಚ್ಚಿಯೇ ಇತ್ತು.

ಬಾಗಿಲು ತೆರೆದಿದೆ, ನಾವು ದಾಟಿಲ್ಲ. ಮದುವೆಯ ದಿನ ವಧೂವರರಿಗೆ, ಕೆಲವು ವಿಶೇಷ ಪೂಜೆಗಳಲ್ಲಿ ಕೆಲವರಿಗೆ ದ್ರಾಕ್ಷಾರಸ ಸಿಗುವುದುಂಟು. ಅದೂ ಹೆಚ್ಚಾಗಿ ರೊಟ್ಟಿಯನ್ನು ಅದ್ದಿ ನಾಲಗೆಯ ಮೇಲಿಡುವ ಕ್ರಮದಲ್ಲಿ. ಕಾರಣ ಕೇಳಿದರೆ ಜನಸಂದಣಿ, ಆರೋಗ್ಯ ಎನ್ನುತ್ತಾರೆ. ಕೊರೋನಾ ಕಾಲದ ನಂತರ ಆ ಮಾತನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಆದರೂ ನಮ್ಮ ದೇಶದಲ್ಲಿ ಒಂದು ಬಟ್ಟಲಿಗೆ ಹಲವರು ಬಾಯಿಡುವುದನ್ನು ತಡೆಯುವುದು ರೋಗಭಯವೊಂದೇ ಎಂದರೆ ನಂಬುವುದು ಕಷ್ಟ. ನಮ್ಮಲ್ಲಿ ಎಂಜಲು ಎಂಬ ಶಬ್ದವಿದೆ. ಅದರ ಹಿಂದೆ, ಯಾರ ಎಂಜಲು, ಯಾರು ಮುಟ್ಟಿದ್ದು ಎಂಬ ಸಾವಿರ ವರ್ಷಗಳ ಲೆಕ್ಕವಿದೆ.

ಆ ಲೆಕ್ಕ ಶಿಲುಬೆಯ ನೆರಳಿನಲ್ಲೂ ಅಳಿಸಿಹೋಗಲಿಲ್ಲ. ಗೋವೆಯ ಹಳ್ಳಿಗಳ ಭಕ್ತಸಂಘಗಳು ಜಾತಿಯ ಪ್ರಕಾರ ಒಡೆದಿದ್ದವು. ಮಂಗಳೂರಿನ ನಮ್ಮ ಹಿರಿಯರು ಬಾಮಣ್, ಚಾರೊಡಿ, ಸುದಿರ್ ಎಂಬ ಹೆಸರುಗಳನ್ನು ಮತಾಂತರದ ಘಾಟು ದಾಟಿಸಿ ಜತನದಿಂದ ತಂದರು; ಸಂಬಂಧ ಹುಡುಕುವಾಗ ಅವು ಇಂದಿಗೂ ಮೆಲುದನಿಯಲ್ಲಿ ಕೇಳಿಬರುತ್ತವೆ. ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಕಥೋಲಿಕರ ಗೋರಿಗಳ ನಡುವೆಯೇ ಜಾತಿಯ ಗೋಡೆ ಎದ್ದಿತ್ತು. ಭಾರತದ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸುವಾಗ, ಧರ್ಮಸಭೆಯೊಳಗೆ ಅಸ್ಪೃಶ್ಯತೆ, ಭೇದಭಾವ ಇರುವುದನ್ನು ಒಪ್ಪಿಕೊಂಡಿತು. ಹೀಗೆ ಎರಡು ರಕ್ತಗಳ ನಡುವೆ ನಾವು ಬದುಕುತ್ತಿದ್ದೇವೆ: ಹುಟ್ಟಿನಿಂದ ಬಂದು ನಮ್ಮವರನ್ನು ಇತರರಿಂದ ಬೇರ್ಪಡಿಸುವ ರಕ್ತ, ಬಲಿಪೀಠದಿಂದ ಇಳಿದು ಬಂದು ಬೇರೆಯವರನ್ನು ಒಡಹುಟ್ಟಿದವರನ್ನಾಗಿಸಬೇಕಾದ ರಕ್ತ. ಎರಡನೆಯದನ್ನು ಹಾಡುತ್ತೇವೆ, ಮೊದಲನೆಯದರ ಪ್ರಕಾರ ಮದುವೆ ಮಾಡುತ್ತೇವೆ.

ಆದುದರಿಂದ ವರ್ಷಕ್ಕೊಮ್ಮೆಯಾದರೂ, ಬಟ್ಟಲು ಮೊದಲು ಕೈಯಿಂದ ಕೈಗೆ ಹೋದ ಆ ಪವಿತ್ರ ಗುರುವಾರದ ಸಂಜೆಯಾದರೂ, ಒಂದೇ ಪಾತ್ರೆಯಿಂದ ಕುಡಿಯುವ ಅವಕಾಶ ಜನರಿಗೆ ಸಿಗಬೇಕು ಎಂಬುದು ನಮ್ಮ ಅಭಿಪ್ರಾಯ. ಹಿಟ್ಟಿನ ಬಿಲ್ಲೆ ಬೇರೆಬೇರೆಯಾಗಿ ಬರುತ್ತದೆ, ಪ್ರತಿಯೊಬ್ಬರಿಗೂ ಅವರದೇ ಒಂದು. ಬಟ್ಟಲಿಗೆ ಆ ಅನುಕೂಲವಿಲ್ಲ. ಮುಂದೆ ನಿಂತವನ ತುಟಿ ತಾಗಿದ ಅಂಚಿಗೇ ನಮ್ಮ ತುಟಿಯನ್ನೂ ತಾಗಿಸಬೇಕು; ಅವನು ಯಾರೆಂದು ಕೇಳುವಂತಿಲ್ಲ. ಅಂಚನ್ನು ಬಟ್ಟೆಯಿಂದ ಒರೆಸಿ ಕೊಡುವುದು ವಾಡಿಕೆ, ನಿಜ. ಎಂಜಲಿನ ನೆನಪು ಬಟ್ಟೆಯಿಂದ ಒರೆಸಿ ಹೋಗುವಂಥದಲ್ಲ.

ಇಷ್ಟನ್ನು ಬರೆದುಕೊಂಡು ನಾವು ಕೆಲವರು ನಮ್ಮ ಬಡಾವಣೆಯ ಗುರುಗಳಲ್ಲಿಗೆ ಹೋಗಿದ್ದೆವು. ಅವರು ತಾಳ್ಮೆಯಿಂದ ಓದಿದರು. "ನನ್ನ ಅಡ್ಡಿಯೇನಿಲ್ಲ, ಮೇಲಿನವರ ಅನುಮತಿಯನ್ನೂ ಕೇಳೋಣ. ಮೊದಲು ನಿಮ್ಮಲ್ಲೇ ಒಂದು ಲೆಕ್ಕ ಮಾಡಿ ಬನ್ನಿ. ಬೀದಿ ಗುಡಿಸುವವರ ಕುಟುಂಬಗಳೂ ಆ ಸಂಜೆ ಅದೇ ಸಾಲಿನಲ್ಲಿ ಇರುತ್ತವೆ. ಅವರ ಹಿಂದೆ ನಿಂತು ಅದೇ ಪಾತ್ರೆಯಿಂದ ಕುಡಿಯುವವರು ಎಷ್ಟು ಜನ?" ಎಂದರು.

ಹನ್ನೊಂದು ಮನೆಗಳಲ್ಲಿ ಕೇಳಿದೆವು. ಕಾರಣಗಳೆಲ್ಲ ಆರೋಗ್ಯದವೇ ಆಗಿದ್ದವು. ಒಪ್ಪಿದವರು ನಾಲ್ಕು ಮನೆಯವರು. ಆ ನಾಲ್ಕರಲ್ಲಿ ಒಂದು ಮನೆಯ ಅಜ್ಜಿ, ತಾನು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವುದಾದರೆ ಮಾತ್ರ ಎಂದರು.