ಮಲಗಿ ಸಾಗರ ದಾಟುವವರ ಲೆಕ್ಕ

ಲಂಡನ್ನಿನಿಂದ ನ್ಯೂಯಾರ್ಕಿಗೆ ಆಕಾಶಮಾರ್ಗದಲ್ಲಿ ಸುಮಾರು 5,500 ಕಿಲೋಮೀಟರ್. ಈ ಏಳೆಂಟು ಗಂಟೆಗಳಲ್ಲಿ ಬ್ಯುಸಿನೆಸ್ ಕ್ಲಾಸಿನ ಪ್ರಯಾಣಿಕ ಉಂಡು, ಆಸನವನ್ನೇ ಹಾಸಿಗೆಯಾಗಿಸಿ, ಕಾಲು ಚಾಚಿ ನಿದ್ರಿಸಿ ಇಳಿಯುತ್ತಾನೆ. ಪೂರ್ತಿ ಚಪ್ಪಟೆಯಾಗುವ ಈ ಆಸನವನ್ನು ಬ್ರಿಟಿಷ್ ಏರ್‌ವೇಸ್ ತನ್ನ ಬ್ಯುಸಿನೆಸ್ ಕ್ಲಾಸಿಗೆ ತಂದದ್ದು 2000ದಲ್ಲಿ. ಹಾಸಿಗೆಯ ಜಾಗ ಶೂನ್ಯದಿಂದ ಸೃಷ್ಟಿಯಾದುದಲ್ಲ. ಅದು ಇತರರು ಕೂರಬಹುದಾಗಿದ್ದ ಜಾಗ.

ಇದರ ಪರಾಕಾಷ್ಠೆ ಕಂಡದ್ದು 2009ರಲ್ಲಿ. ನೂರಕ್ಕೂ ಹೆಚ್ಚು ಜನರನ್ನು ಒಯ್ಯಬಲ್ಲ ಏರ್‌ಬಸ್ ಎ318 ವಿಮಾನದಲ್ಲಿ ಕೇವಲ 32 ಹಾಸಿಗೆಗಳನ್ನಿರಿಸಿ, ಅದೇ ಸಂಸ್ಥೆ ಲಂಡನ್ ಸಿಟಿ ನಿಲ್ದಾಣದಿಂದ ನ್ಯೂಯಾರ್ಕಿಗೆ ಹಾರಾಟ ಆರಂಭಿಸಿತು. ಅಲ್ಲಿನ ಚಿಕ್ಕ ರನ್‌ವೇಯಿಂದ ಪೂರ್ಣ ಇಂಧನ ಹೊತ್ತು ಏರಲಾಗದೆ, ಹೋಗುವಾಗ ಐರ್ಲೆಂಡಿನ ಶಾನನ್‌ನಲ್ಲಿಳಿದು ಇಂಧನ ತುಂಬಿಕೊಳ್ಳಬೇಕಿತ್ತು. ಹಣಕಾಸು ಪೇಟೆಯವರ ಅನುಕೂಲಕ್ಕಾಗಿ ಒಂದು ವಿಮಾನ ಎರಡು ಬಾರಿ ಮೇಲೇರುತ್ತಿತ್ತು!

ಬ್ಯುಸಿನೆಸ್ ಕ್ಲಾಸಿನ ಪ್ರಯಾಣಿಕನ ಇಂಗಾಲದ ಹೊರೆ ಎಕಾನಮಿಯವನದಕ್ಕಿಂತ ಸುಮಾರು ಮೂರು ಪಟ್ಟು ಎಂದು ವಿಶ್ವಬ್ಯಾಂಕಿನ 2013ರ ಅಧ್ಯಯನವೊಂದು ಅಂದಾಜಿಸಿತು. ಆದರೆ ನಿಯಮಗಳು ಈ ಭೇದವನ್ನು ಗುರುತಿಸುವುದು ಅಪರೂಪ. ದೇಶದಿಂದ ದೇಶಕ್ಕೆ ಹಾರುವ ವಿಮಾನದ ಟ್ಯಾಂಕಿನಲ್ಲಿರುವ ಇಂಧನಕ್ಕೆ 1944ರ ಶಿಕಾಗೋ ಒಪ್ಪಂದ ಸುಂಕದಿಂದ ವಿನಾಯಿತಿ ನೀಡಿತು. 1997ರ ಕ್ಯೋಟೋ ಒಪ್ಪಂದ ಅಂತರರಾಷ್ಟ್ರೀಯ ವಿಮಾನಯಾನದ ಹೊಗೆಯನ್ನು ದೇಶಗಳ ಗುರಿಯಿಂದ ಹೊರಗಿಟ್ಟಿತು. 2016ರಲ್ಲಿ ಒಪ್ಪಿಗೆಯಾದ ‘ಕಾರ್ಸಿಯಾ’ ಯೋಜನೆಯೂ ಮುಖ್ಯವಾಗಿ ಹೇಳುವುದು, ಹೆಚ್ಚಾದ ಹೊಗೆಗೆ ಬೇರೆಡೆಯ ಉಳಿತಾಯವನ್ನು ಕೊಂಡು ಸರಿದೂಗಿಸಿರೆಂದು. ಸಾಗರದ ಮೇಲಿನ ಭೋಗಕ್ಕೆ ಯಾವುದೋ ಬೆಟ್ಟದ ಕಾಡು ಜಾಮೀನು ನಿಲ್ಲಬೇಕೆ?

ಮುಂದಿನ ಸಾಲಿನ ದುಬಾರಿ ಟಿಕೇಟಿನಿಂದಲೇ ಹಿಂದಿನ ಸಾಲಿನ ದರ ಅಗ್ಗವಾಗಿದೆ ಎಂಬ ವಾದವುಂಟು. ಹಾಗಿದ್ದಲ್ಲಿ ತೆರಿಗೆಯನ್ನು ಹೊರಬಲ್ಲವರು ಯಾರೆಂಬುದೂ ಅದರಿಂದಲೇ ಸ್ಪಷ್ಟ. 2023ರ ನವೆಂಬರಿನಲ್ಲಿ ವರ್ಜಿನ್ ಅಟ್ಲಾಂಟಿಕ್ ವಿಮಾನವೊಂದು ಬಹುಪಾಲು ಬಳಸಿದ ಅಡುಗೆ ಎಣ್ಣೆ ಮತ್ತು ಕೊಬ್ಬಿನಿಂದ ತಯಾರಾದ ಇಂಧನದಲ್ಲಿ ಇದೇ ಮಾರ್ಗ ಕ್ರಮಿಸಿತು. ಸಾಧನೆಯೇ ಸರಿ. ಆದರೆ ಜಗತ್ತಿನ ಬಾಣಲೆಗಳಲ್ಲಿ ಉಳಿಯುವ ಎಣ್ಣೆಗೆ ಮಿತಿಯಿದೆ, ಹಾರುವವರ ಆಸೆಗಿಲ್ಲ.

ಆ 32 ಹಾಸಿಗೆಗಳ ಹಾರಾಟ 2020ರಲ್ಲಿ ಕೋವಿಡ್ಡಿನೊಂದಿಗೆ ನಿಂತುಹೋಯಿತು. ವ್ಯವಹಾರ ನಿಲ್ಲಲಿಲ್ಲ, ಸಭೆಗಳು ಪರದೆಯ ಮೇಲೆ ನಡೆದವು. ಅಗತ್ಯವೆಂದು ಸಾರಲಾಗಿದ್ದುದರಲ್ಲಿ ಬಹಳಷ್ಟು ಬರಿಯ ರೂಢಿಯೆಂದು ಆಗಲೇ ಬಯಲಾಯಿತು. 2025ರಲ್ಲಿ ಸ್ಪೇನಿನ ಸೆವಿಯಾದಲ್ಲಿ ಫ್ರಾನ್ಸ್, ಕೀನ್ಯಾ, ಬಾರ್ಬಡೋಸ್ ಮೊದಲಾದ ದೇಶಗಳು ಐಷಾರಾಮಿ ವಿಮಾನಯಾನಕ್ಕೆ ತೆರಿಗೆ ವಿಧಿಸಲು ಕೂಟವೊಂದನ್ನು ಕಟ್ಟಿಕೊಂಡವು. ಆಸನ ಅಗಲವಾದಷ್ಟೂ ತೆರಿಗೆ ಹೆಚ್ಚಲಿ ಎಂಬುದು ಮತ್ಸರದ ಮಾತಲ್ಲ. ಎಲ್ಲರಿಗೂ ಸೇರಿದ ಆಕಾಶವನ್ನು ಹೆಚ್ಚು ಬಳಸಿದವರು ಹೆಚ್ಚು ತೆರಲಿ ಎಂಬ ಸರಳ ನ್ಯಾಯ.